ಬಂಡೆಮ್ಮನ ಆಣೆ

ಬುರ್ಖಾದ ಅಂಚಿನಡಿ ಬೂಟು ಕಂಡಿತು. ಎರೆಮಣ್ಣು ಮೆತ್ತಿದ ಚರ್ಮದ ಬೂಟು. ಪೊಲೀಸ್ ಅಮೀನ್ ನೀಲಕಂಠರಾವ್ ಹೊಸ್ತಿಲಲ್ಲೇ ನಿಂತ.

"ಯಾರಿಕಿ?"

"ನಮ್ಮ ಖಾಲಾ ರೀ ಸಾಹೇಬ್ರ, ನಮ್ಮವ್ವನ ತಂಗಿ. ಕಲಬುರ್ಗಿಯಿಂದ ಬಂದಾರ. ಜ್ವರ," ಎಂದಳು ಟಾಂಗಾದವನ ಹೆಂಡತಿ ಮೆಹಬೂಬಿ.

"ನಿಮ್ಮ ಖಾಲಾ ಬೂಟ್ ಹಾಕ್ತಾಳ?"

"ನನ್ನ ಗಂಡನವು ರೀ. ಕಾಲು ತಣ್ಣಗಾಗ್ಯಾವಂತ ನಾನೇ ಹಾಕೀನಿ."

ಅಮೀನ ನಕ್ಕ. ಅವನ ಹಿಂದೆ ಕಮಲಾಪುರದ ಹೊಲದಂಚಿನಲ್ಲಿ ಪುಟ್ಟ ವಿಮಾನವೊಂದು ಮೂಗು ಮುರಿದುಕೊಂಡು ಬಾವಿಕಟ್ಟೆಗೆ ಒರಗಿತ್ತು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ತಿಂಗಳು. ಅಪ್ಪಣೆಯಿಲ್ಲದೆ ಯಾವ ವಿಮಾನವೂ ಹಾರುವಂತಿರಲಿಲ್ಲ. ಇದು ಸತ್ತ ಜಾಗೀರದಾರನ ವಿಮಾನ. ಯಾರೋ ಕದ್ದು ಹಾರಿಸಿಕೊಂಡು ಹೋದರೆಂದು ಅವನ ತಮ್ಮ ಕಲಬುರ್ಗಿಯಲ್ಲಿ ಫಿರ್ಯಾದು ಕೊಟ್ಟಿದ್ದ. ಪೈಲಟ್ ಸಿಕ್ಕರೆ ಜೈಲು.

ಬುರ್ಖಾದೊಳಗೆ ಪೈಲಟ್ ಇದ್ದಾನೆಂದು ಅಮೀನನಿಗೆ ಖಾತ್ರಿಯಾಗಿತ್ತು. ಆದರೆ ತಾನೇ ಕೈಹಾಕಿ ಎತ್ತುವಂತಿರಲಿಲ್ಲ. ಆ ದಿನಗಳಲ್ಲಿ ಊರು ಹೊತ್ತಿಕೊಳ್ಳಲು ಅಷ್ಟು ಸಾಕಿತ್ತು. ಅವನು ಹೊಲದ ಕಡೆ ಕೂಗಿದ.

"ಏ ಮುದುಕಿ, ಬಾ ಇಲ್ಲಿ."

ಕಳೆ ತೆಗೆಯುತ್ತಿದ್ದ ಬಂಡೆಮ್ಮ ಖುರ್ಪಿ ಹಿಡಿದೇ ಬಂದಳು.

"ಒಳಗ ಹೋಗಿ ಪರದೆ ಎತ್ತಿ ನೋಡು. ಗಂಡಸೋ ಹೆಂಗಸೋ, ಶರಣಬಸಪ್ಪನ ಆಣಿ ಮಾಡಿ ಹೇಳಬೇಕು. ಸುಳ್ಳಾಯ್ತೋ, ನೀನೂ ಜೈಲಿಗೇ."

ಬಂಡೆಮ್ಮನಿಗೆ ನೋಡುವ ಅಗತ್ಯವೇ ಇರಲಿಲ್ಲ.

ಮಧ್ಯಾಹ್ನ ಅವಳೂ ಊರ ಹೆಂಗಸರೂ ಕಳೆ ತೆಗೆಯುತ್ತಿದ್ದಾಗ ಆಕಾಶದ ಸದ್ದು ಒಮ್ಮೆಲೇ ನಿಂತಿತ್ತು. ವಿಮಾನ ನೇರ ಅವರತ್ತಲೇ ಬಂತು. ಇಳಿಯಲು ಸಮತಟ್ಟಾದ ಹೊಲವೆಂದರೆ ಅದೊಂದೇ. ಅದರ ತುಂಬ ಹೆಂಗಸರಿದ್ದರು. ಯಾರ ಕಾಲೂ ಏಳಲಿಲ್ಲ. ಕೊನೆಯ ಗಳಿಗೆಯಲ್ಲಿ ವಿಮಾನ ಬೇಕೆಂದೇ ಯಾರೋ ತಿರುಗಿಸಿದಂತೆ ವಾಲಿ, ಹೊಲ ಬಿಟ್ಟು, ಬಾವಿಕಟ್ಟೆಗೆ ಅಪ್ಪಳಿಸಿತು.

ಅವಳೂ ಮೆಹಬೂಬಿಯೂ ಸೇರಿ ಒಳಗಿದ್ದ ಜೀವವನ್ನು ಎಳೆದು ತೆಗೆದಿದ್ದರು. ಉಬ್ಬಿಕೊಂಡ ಚರ್ಮದ ಟೊಪ್ಪಿಗೆ, ದಪ್ಪ ಕನ್ನಡಕ, ಮುಖದ ತುಂಬ ಎಣ್ಣೆ, ಮಣ್ಣು. ಉಸಿರಿತ್ತು. ಮೆಹಬೂಬಿಯ ಮನೆ ಸೇರಿಸಿ ಬಂಡೆಮ್ಮ ಹೊಲಕ್ಕೆ ಮರಳಿದ್ದಳು.

ಅವಳು ಎಂದೂ ಸುಳ್ಳು ಆಣೆ ಮಾಡಿದವಳಲ್ಲ. ಗಂಡ ಸತ್ತಾಗ ಒಂದೇ ಒಂದು ಮಾಡಿದ್ದರೆ ಹೊಲ ಉಳಿಯುತ್ತಿತ್ತು. ಮಾಡಲಿಲ್ಲ, ಅಂದಿನಿಂದ ಬೇರೆಯವರ ಹೊಲದಲ್ಲಿ ಕೂಲಿ. ಇಂದು ಮಾಡುತ್ತೇನೆ ಎಂದುಕೊಂಡಳು. ಶರಣಪ್ಪಾ, ಸಿಟ್ಟಾಗುವುದಿದ್ದರೆ ಆಗು. ನಮ್ಮನ್ನು ಉಳಿಸಲು ಹೋಗಿ ಕೈಕಾಲು ಮುರಿದುಕೊಂಡವನನ್ನು ನಾನು ಹಿಡಿದುಕೊಡುವುದಿಲ್ಲ.

ಒಳಗೆ ಹೋಗಿ ಕದ ಮುಚ್ಚಿದಳು.

ಹೊರಗೆ ಬಂದಾಗ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಭುಜ ನಡುಗುತ್ತಿತ್ತು. ಅಮೀನ ಮೀಸೆಯಡಿಯಲ್ಲೇ ನಕ್ಕ.

"ಹೆದರಬ್ಯಾಡ, ಹೇಳು. ಗಂಡಸು ಹೌದಲ್ಲೋ?"

"ಶರಣಬಸಪ್ಪನ ಆಣಿ ರೀ. ಹೆಣ್ಮಗಳು."

"ಮತ್ತೊಮ್ಮೆ ಹೇಳು!"

"ನೂರು ಸಲ ಹೇಳ್ತೀನಿ. ನಂಬಿಕಿ ಇಲ್ಲಂದ್ರ ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ, ಅವರೂ ನೋಡ್ಲಿ."

ಪೇದೆಗಳು ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಅಮೀನನ ಕಿವಿ ಕೆಂಪಾಯಿತು. ಬಂಡೆಮ್ಮನ ಆಣೆ ಎಂದರೆ ಏನೆಂದು ಇಡೀ ಊರಿಗೆ ಗೊತ್ತು. ಓಡಿಹೋದ ಗಂಡಸನ್ನು ಹುಡುಕುತ್ತ ಜೀಪು ಬಾಳೆತೋಟಗಳ ಕಡೆ ಹೊರಟಿತು.

ಬಂಡೆಮ್ಮ ಮತ್ತೆ ಒಳಗೆ ಬಂದಳು. ಬುರ್ಖಾ ಸರಿದಿತ್ತು. ಚರ್ಮದ ಟೊಪ್ಪಿಗೆಯಿಂದ ಬಿಚ್ಚಿಬಿದ್ದ ಜಡೆ ಸೊಂಟದವರೆಗೂ ಇಳಿದಿತ್ತು. ಜಾಗೀರದಾರನ ವಿಧವೆ ಇಕ್ಬಾಲ್ ಬೇಗಂ ಮುರಿದ ಕೈಯನ್ನು ಎದೆಗೊತ್ತಿಕೊಂಡು ಕೇಳಿದಳು: "ಮೈದುನನ ಕಣ್ಣಾಗ ನನ್ನ ವಿಮಾನಕ್ಕ ನಾನೇ ಕಳ್ಳಿ ಆದೆ. ನಾ ಗಂಡಸಾಗಿದ್ರ ನನ್ನ ಸಲುವಾಗಿ ನೀ ಸುಳ್ಳು ಆಣಿ ಮಾಡ್ತಿದ್ದೇನವ್ವಾ?"

"ಮಾಡಬೇಕಂತೇ ಒಳಗ ಬಂದಿದ್ದೆ ರೀ, ಬೇಗಂ ಸಾಹೇಬ. ನೀವೇ ಬಿಡಲಿಲ್ಲ."