ಮನೆತನಕ್ಕೆಲ್ಲ ಒಂದೇ ಮುದ್ರೆ

ಬಾಗಿಲ ಮೇಲೆ ಮುದ್ರೆ ಕಚೇರಿ ಕೊಡುವ ನಂಬಿಕೆಯ ಹಸಿರು ಮುದ್ರೆ ಬೆಳಗದ ಅಂಗಡಿಯನ್ನು ಆ ಪೇಟೆಯಲ್ಲಿ ನಾಯಿಯೂ ಮೂಸಿ ನೋಡುತ್ತಿರಲಿಲ್ಲ. ಅಂಗಡಿಗೊಂದು ಮುದ್ರೆಯ ರಗಳೆ ಬೇಡವೆಂದು ಚನ್ನಬಸಪ್ಪ ಇಡೀ ಮನೆತನಕ್ಕೆ ಒಂದೇ ಮುದ್ರೆ ಮಾಡಿಸಿ, ಅದನ್ನು ಬೆಳಗಿಸುವ ಕೀಲಿಯ ನಕಲನ್ನು ಎಲ್ಲ ಅಂಗಡಿಗಳಿಗೂ ಹಂಚಿದ್ದ. ತಂಗಿ ನೀಲವ್ವನ ಬಳೆ ಅಂಗಡಿಗೂ ಒಂದು ಕೊಟ್ಟಿದ್ದ.

ಹೋದ ವಾರ ಆ ಅಂಗಡಿಯನ್ನು ತನ್ನ ಮಗನ ಪಾಲು ಮಾಡಿ, "ಇನ್ನ ನೀ ಹೊರಗಿನಾಕಿ" ಎಂದು ಪೇಟೆಯ ನಡುವೆಯೇ ಅವಳನ್ನು ಹೊರದಬ್ಬಿದ. ಕೀಲಿ ಬದಲಿಸಿದರೆ ಎಲ್ಲ ಅಂಗಡಿಗಳಲ್ಲೂ ಬದಲಿಸಬೇಕಲ್ಲ ಎಂಬ ಸೋಮಾರಿತನಕ್ಕೆ ಹಳೆಯದನ್ನೇ ಬಿಟ್ಟ; ಅವಳ ನಕಲು ಅವಳ ಬಳಿಯೇ ಉಳಿಯಿತು.

ನೀಲವ್ವ ಮುದ್ರೆ ಕಚೇರಿಯ ಕಿಟಕಿಯಲ್ಲಿ ತನ್ನ ಕೀಲಿ ಇಟ್ಟಳು. "ಚನ್ನಬಸಪ್ಪನ ಮನಿತನದ ಕೀಲಿ ಹೊರಗಿನಾಕಿ ಕೈಯಾಗೈತ್ರಿ. ಕಾನೂನಿನ ಪ್ರಕಾರ ರದ್ದು ಮಾಡ್ರಿ."

ಗುಮಾಸ್ತ ತಡವರಿಸಿದ. "ಅಕ್ಕಾರ, ಇದೊಂದು ರದ್ದಾದ್ರ ಅವರ ಎಲ್ಲಾ ಅಂಗಡಿನೂ ಕೆಂಪಾಗ್ತಾವ್ರಿ."

"ಅದಕ್ಕ ಬಂದೀನಿ."

ಅವಳು ಪೇಟೆಗೆ ಮರಳುವಷ್ಟರಲ್ಲಿ ಅಣ್ಣನ ಬಾಗಿಲುಗಳೆಲ್ಲ ಕೆಂಪಾಗಿದ್ದವು. ಅವನ ಬಟ್ಟೆ ಅಂಗಡಿಯಲ್ಲಿ ಅಳೆಸಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಗಿರಾಕಿಗಳು ಇಳಿದು ಹೋಗುತ್ತಿದ್ದರು. ಚನ್ನಬಸಪ್ಪ ಓಡಿ ಬಂದು ಅವಳ ಕೈ ಹಿಡಿದ.

"ತಂಗೀ, ನೀ ನಮ್ಮಾಕಿನ ಅಂತ ಕಚೇರ್ಯಾಗ ಒಂದು ಮಾತು ಹೇಳವಾ!"

ನೀಲವ್ವ ಕೈ ಕೊಡವಿಕೊಂಡಳು.

"ಹೊರಗಿನಾಕಿ ಮಾತು ಯಾರು ನಂಬ್ತಾರ, ಅಣ್ಣಾ?"