ಕೈಗೆಟುಕದ ಬೆನ್ನು

ಬ್ರಷ್ಷನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಗಂಡ, ಇದು ಮನುಷ್ಯರ ಮೈಗಲ್ಲ, ಕುದುರೆಗೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟ. ಕುದುರೆ ಸವಾರಿ ಕಲಿಸುವ ಶಾಲೆಯ ಲಾಯದಲ್ಲಿ ಕುದುರೆಗಳ ಆರೈಕೆಯೇ ಅವನ ಉದ್ಯೋಗ. ಬ್ರಷ್ಷಿನ ವಿಷಯದಲ್ಲಿ ಅವನಿಗೆ ಎದುರಾಡುವಂತಿರಲಿಲ್ಲ. ಹೆಂಡತಿ ಮಾತ್ರ ಟವೆಲ್ ಸುತ್ತಿಕೊಂಡು, ಬಚ್ಚಲಮನೆಯ ಬಾಗಿಲಲ್ಲಿ ಬೆನ್ನು ಕೊಟ್ಟು ನಿಂತೇ ಇದ್ದಳು.

“ಕುದುರೇದೋ ಕತ್ತೇದೋ, ಬೆನ್ನಿಗೆ ಕೈ ಎಟುಕ್ತಿಲ್ಲ ರೀ. ಸ್ವಲ್ಪ ಉಜ್ಜಿಕೊಡಿ.”

ಇದು ಅವಳ ಹೊಸ ಹುಚ್ಚು. ಅವಳು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ನರ್ಸು ಹಚ್ಚಿದ್ದು. ಸ್ನಾನಕ್ಕೆ ಮುಂಚೆ, ಒಣ ಮೈಯನ್ನು ಒಣ ಬ್ರಷ್ಷಿನಲ್ಲಿ, ಪಾದದಿಂದ ಶುರುಮಾಡಿ ಯಾವಾಗಲೂ ಹೃದಯದ ಕಡೆಗೇ ಉಜ್ಜಿಕೊಳ್ಳಬೇಕಂತೆ. ಮೈ ಹಗುರಾಗಿ, ಮನಸ್ಸು ಅರಳಿ, ನಮ್ಮನ್ನು ನಾವೇ ಪ್ರೀತಿಸಿಕೊಳ್ಳುವುದು ತಾನಾಗಿ ಬರುತ್ತದಂತೆ. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರುವ ಲಕ್ಷಣ ಕಾಣದ್ದರಿಂದ ಅವಳಿಗೂ ಅದು ಸರಿಯೆನಿಸಿತು. ಕಾಲು, ಹೊಟ್ಟೆ, ತೋಳು ಎಲ್ಲ ಸಾಂಗವಾಗಿ ನಡೆದವು. ಹೆಗಲ ಮೂಳೆಗಳ ನಡುವಿನ ಅಂಗೈಯಗಲದ ಜಾಗ ಮಾತ್ರ ಮೇಲಿಂದ ಹೋದರೂ ಕೆಳಗಿಂದ ಹೋದರೂ ಕೈಗೆ ಸಿಗಲೊಲ್ಲದು. ಹಾಗೆಂದಾಗ ನರ್ಸು, ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಿದ್ದಳು. ಇದ್ದಾರೆ ಅನ್ನುವುದಕ್ಕೆ ಇವಳು ಸ್ವಲ್ಪ ಹೊತ್ತು ತೆಗೆದುಕೊಂಡಿದ್ದಳು.

ಗಂಡ ಹೆಂಡಿರ ನಡುವೆ ಜಗಳವೇನೂ ಇರಲಿಲ್ಲ. ಜಗಳಕ್ಕೂ ಮಾತು ಬೇಕಲ್ಲ. ಗ್ಯಾಸ್ ಮುಗಿಯಿತು, ಬೀಗದ ಕೈ ಎಲ್ಲಿ, ಲೈಟ್ ಆರಿಸು. ಇಷ್ಟರಲ್ಲೇ ಸಂಸಾರ ಸಲೀಸಾಗಿ ಸಾಗುತ್ತಿತ್ತು. ಅವಳು ಸೊಂಟದುದ್ದದ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದ ದಿನ, ಅವನು ಎದುರಿಗೇ ಊಟಕ್ಕೆ ಕೂತು, ಲಾಯದ ಕಂದು ಹೆಣ್ಣು ಕುದುರೆಯ ಕುತ್ತಿಗೆಯ ಕೂದಲು ಉದುರುತ್ತಿದೆ ಎಂದು ಕೊರಗಿದ್ದ. ಒಮ್ಮೆ ಅವನು ಮರೆತುಹೋದ ಊಟದ ಡಬ್ಬಿ ಕೊಡಲು ಲಾಯಕ್ಕೆ ಹೋಗಿದ್ದಳು. ಆ ಕುದುರೆಯ ಮೈಗೆ ಕೆನ್ನೆಯಾನಿಸಿ, ಬ್ರಷ್ ಆಡಿಸುತ್ತಾ ಅವನು ಅದರೊಂದಿಗೆ ಏನೋ ಹೇಳಿಕೊಳ್ಳುತ್ತಿದ್ದ. ಏನೆಂದು ಕೇಳಿಸಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ವಾಪಸು ಬಂದಿದ್ದಳು.

ಈಗ ಅವನು ಬ್ರಷ್ಷನ್ನು ಅಂಗೈಗೆ ಉಜ್ಜಿ ಅದರ ಬಿರುಸು ನೋಡಿದ. ಅವಳ ತೋಳಿನ ಕೆಂಪು ಗೀರುಗಳು ಕಣ್ಣಿಗೆ ಬಿದ್ದು, ನೆಲ ತಿಕ್ಕಿದ ಹಾಗೆ ತಿಕ್ಕಿಕೊಂಡಿದ್ದೀಯಲ್ಲ ಎಂದು ಗೊಣಗಿದ. ಆಮೇಲೆ ಎಡಗೈಯನ್ನು ಅವಳ ಹೆಗಲ ಮೇಲಿಟ್ಟ. ಮೊದಲು ಕೈಯಿಟ್ಟು ತಿಳಿಸದಿದ್ದರೆ ಬೆಚ್ಚಿಬೀಳುತ್ತವೆ ಎಂದು ಕಾರಣವನ್ನೂ ಹೇಳಿದ. ಯಾವುವು ಎಂದು ಅವಳು ಕೇಳಲಿಲ್ಲ.

ಬ್ರಷ್ ಬೆನ್ನುದ್ದಕ್ಕೆ ಸಾವಕಾಶವಾಗಿ ಹರಿಯಿತು. ಇಷ್ಟು ಹಗುರವಾದ ಕೈ ತನ್ನ ಮನೆಯಲ್ಲೇ ಇತ್ತೆಂಬುದು ಅವಳಿಗೆ ಗೊತ್ತಿರಲಿಲ್ಲ. ಒಂದು ಕಡೆ ಅದು ನಿಂತಿತು.

“ಇದೇನು, ಗಾಯಾನಾ?”

“ಮಚ್ಚೆ. ಹುಟ್ಟಿದಾಗಿಂದ ಇದೆ.”

“ಹೌದಾ,” ಅಂದ. ಬ್ರಷ್ ಮತ್ತೆ ಹೊರಟಿತು. ಕೆಲಸಕ್ಕೆ ಹೊತ್ತಾಯಿತೆಂದು ಆಗಲೇ ಗಡಿಬಿಡಿ ಮಾಡಿದವನು ಈಗ ಅದನ್ನು ಮರೆತೇಬಿಟ್ಟಂತಿತ್ತು. ಹೆಬ್ಬೆರಳಿನಿಂದ ಕುತ್ತಿಗೆಯ ಬುಡವನ್ನು ಒತ್ತಿ ನೋಡಿದ. “ಇಲ್ಲೆಲ್ಲ ಗಂಟು ಕಟ್ಟಿದ ಹಾಗಿದೆ. ರಾತ್ರಿ ನಿದ್ದೆ ಬರ್ತಿಲ್ವಾ?”

ಅವಳಿಗೆ, ಇಲ್ಲ, ಬಹಳ ದಿನದಿಂದ ಬರುತ್ತಿಲ್ಲ ಎಂದು ಶುರುಮಾಡಿ ಒಳಗಿದ್ದದ್ದನ್ನೆಲ್ಲ ಹೇಳಿಬಿಡೋಣವೆನಿಸಿ, ಅವನ ಕಡೆ ತಿರುಗಲು ಕಾಲೆತ್ತಿದಳು.

ಹಿಂದಿನಿಂದ ಅವನು ಮೆಲ್ಲಗೆ ಲೊಚಗುಟ್ಟಿದ. “ಒದೀಬೇಡ ಬಂಗಾರಾ,” ಅಂದ, ಅವಳೆಂದೂ ಕೇಳಿರದ ಮೆತ್ತನೆಯ ದನಿಯಲ್ಲಿ. “ನಿನ್ನ ಕಷ್ಟ ನಂಗೆ ಗೊತ್ತಿಲ್ವಾ?”

ಆ ಮಾತು ಯಾರಿಗೆ ಸೇರಬೇಕಾದದ್ದೆಂದು ತಿಳಿಯದಷ್ಟು ದಡ್ಡಳೇನಲ್ಲ ಅವಳು. ನಗು ಉಕ್ಕಿತು, ಅದರ ಬೆನ್ನಿಗೇ ಇನ್ನೇನೋ. ಆದರೆ ತಿರುಗಿದರೆ, ನಿಂತಿರುವುದು ಹೆಂಡತಿಯೆಂದು ಅವನಿಗೆ ನೆನಪಾಗಿಬಿಡುತ್ತದೆ. ಎತ್ತಿದ ಕಾಲನ್ನು ಸದ್ದಾಗದಂತೆ ಕೆಳಗಿಟ್ಟು, ಉಸಿರು ಬಿಗಿಹಿಡಿದು, ಅಲುಗಾಡದೆ ನಿಂತಳು.