ಬಂದೇಸಾಬನ ಕೈ

“ಕಾಲು ಬಿಡವ್ವಾ. ಮೊದ್ಲ ಕಾಲು ಬಿಡು.”

ಸುಶೀಲವ್ವ ಬಿಡಲಿಲ್ಲ. ವೀಳ್ಯದೆಲೆಯ ಕಟ್ಟು ಕಟ್ಟುತ್ತ ಕುಳಿತಿದ್ದ ಬಂದೇಸಾಬ ತೊಡೆಯ ಮೇಲಿದ್ದ ಎಲೆಗಳನ್ನೆಲ್ಲ ನೆಲಕ್ಕೆ ಚೆಲ್ಲಿಕೊಂಡು ಹಿಂದಕ್ಕೆ ಸರಿದ. ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ತನ್ನ ಅಂಗಳದ ಮಣ್ಣಿನಲ್ಲಿ ಬಿದ್ದಿರುವುದು ಓಣಿಯವರ ಕಣ್ಣಿಗೆ ಬೀಳಬಾರದೆಂದು ಅವನು ಬಾಗಿಲ ಕಡೆ ನೋಡಿದ.

ಮಧ್ಯಾಹ್ನ ಅವಿಶ್ವಾಸದ ಸಭೆ. ಸವಣೂರು ಸೀಮೆಯ ಆ ಊರಿನ ಚಹಾದಂಗಡಿಯಲ್ಲಿ ಲೆಕ್ಕ ಹಾಕಿದವರೆಲ್ಲ ಒಂದೇ ಹೆಸರಿಗೆ ಬಂದು ನಿಲ್ಲುತ್ತಿದ್ದರು. ಉಳಿದ ಸದಸ್ಯರು ಅಳಿಯ, ಬೀಗ, ಸೋದರಮಾವ ಎಂದು ಎರಡು ಮನೆತನಗಳಲ್ಲಿ ಹಂಚಿಹೋಗಿದ್ದರು. ಯಾವ ಬಳಗಕ್ಕೂ ಸೇರದವನು ಬಂದೇಸಾಬ ಒಬ್ಬನೇ. ಅವನು ಕೈ ಎತ್ತಿದರೆ ಸುಶೀಲವ್ವನ ಕುರ್ಚಿ ಹೋಯಿತು, ಎತ್ತದಿದ್ದರೆ ಉಳಿಯಿತು. ಎದುರಿನ ಮನೆತನದವರು ನಿನ್ನೆ ಅವನ ಮನೆಗೆ ಬಂದು ಹೋದದ್ದನ್ನು ಊರೇ ನೋಡಿತ್ತು.

ಕುರ್ಚಿ ಸುಶೀಲವ್ವನದು, ಆಡಳಿತ ಅವಳ ಭಾವ ಚನ್ನೇಶನದು. ಎಲ್ಲಿ ಸಹಿ ಹಾಕಬೇಕು, ಯಾರ ಮನೆಗೆ ನಳ ಕೊಡಬೇಕು, ಮನೆಯ ಹೆಣ್ಣುಮಗಳನ್ನು ಯಾವ ಊರಿಗೆ ಕೊಡಬೇಕು, ಎಲ್ಲವೂ ಅವನ ಬಾಯಿಂದಲೇ ಬರಬೇಕು. ಗಂಡ ದ್ಯಾಮಪ್ಪನೋ, ಅಣ್ಣನ ಮಾತಿಗೆ ತಲೆಯಾಡಿಸಿ ಆಡಿಸಿಯೇ ಕೂದಲು ಉದುರಿಸಿಕೊಂಡವನು.

ಮಗಳು ಪೂಜಾಳ ಸಂಬಂಧವನ್ನೂ ಚನ್ನೇಶನೇ ಕುದುರಿಸಿದ್ದ. ಹಿರೇಕೆರೂರಿನ ಮುಖಂಡರ ಮನೆ. ವರನ ಮೊದಲ ಹೆಂಡತಿ ತವರಿಗೆ ಹೋದವಳು ಯಾಕೆ ತಿರುಗಿ ಬರಲಿಲ್ಲವೆಂದು ಯಾರೂ ಕೇಳಿರಲಿಲ್ಲ. ದೊಡ್ಡ ಮನೆಯವರನ್ನು ಹಾಗೆಲ್ಲ ಕೇಳುವುದಿಲ್ಲ. ನಾಳೆಯೇ ನಿಶ್ಚಯ. ಅಷ್ಟರಲ್ಲಿ ಈ ಅವಿಶ್ವಾಸ ಬಂದು ಕುಳಿತಿತ್ತು.

“ನಾವು ಬೀಗತನ ಮಾಡೂದು ಅಧ್ಯಕ್ಷರ ಮನಿ ಕೂಡ,” ಎಂದು ವರನ ಅಪ್ಪ ಫೋನಿನಲ್ಲಿ ನಗುತ್ತಲೇ ಹೇಳಿದ್ದರು. “ಕುರ್ಚಿ ಉಳಿಸ್ಕೊಂಡು ಫೋನ್ ಹಚ್ರಿ. ಇಲ್ಲಾಂದ್ರ ಸುಮ್ನ ಗಾಡಿ ಯಾಕ ತರೂದು?”

ಅಂದಿನಿಂದ ಪೂಜಾಳ ಕಣ್ಣಿಗೆ ನಿದ್ದೆಯಿಲ್ಲ. ಇವತ್ತು ಬೆಳಗ್ಗೆ ತಾಯಿಯ ಸೆರಗು ಹಿಡಿದುಕೊಂಡಿದ್ದಳು. “ಅವ್ವಾ, ಹೆಂಗರ ಮಾಡಿ ಚಾಚಾನ ಒಪ್ಪಿಸಿ ಬಾ.”

ಚನ್ನೇಶನೂ ಅದನ್ನೇ ಹೇಳಿದ್ದ. “ನೀನ ಹೋಗು. ಆ ಮುದುಕ ನಿನ್ನ ಮಾತು ಮೀರೂದಿಲ್ಲ. ಅಳೂದು ಗೊತ್ತೈತಲ್ಲ? ಅತ್ತು ಬಾ.”

ಅಳುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಚಾಚಾ, ನಮ್ಮಪ್ಪ ಇದ್ದಿದ್ರ ನಿಮ್ಮ ತನಕ ಬರ್ತಿರ್ಲಿಲ್ಲ. ಈಗ ನೀವ ನನಗ ಅಪ್ಪ.”

ದುಂಡಸಿಯ ಅವಳ ಅಪ್ಪನೂ ಬಂದೇಸಾಬನೂ ಜತೆಯಾಗಿ ಎಲೆ ವ್ಯಾಪಾರ ಮಾಡಿದವರು. ಅವಳಿಗೆ ಈ ಊರಿನ ಸಂಬಂಧ ಸೂಚಿಸಿದವನೂ ಅವನೇ.

“ನಿಮ್ಮಪ್ಪ ಇದ್ದಿದ್ರ ಇಂಥಾ ಮಾತು ನನ್ನ ಕೇಳ್ತಿದ್ದಿಲ್ಲ,” ಮುದುಕನ ದನಿ ಒಡೆಯಿತು. “ನಿನ್ನೆ ಬಂದವ್ರಿಗೆ ಮಾತು ಹೇಳಿ ಕಳಸೇನಿ. ಈಗ ತಿರುಗಿ ಬೀಳಂತೀ? ಮಂದಿ ನನ್ನ ಮಾರಿಗೆ ಉಗುಳ್ತಾರ.”

“ಉಗುಳ್ಲಿ. ನನ್ನ ಮಗಳ ಬಾಳೇವು ನಿಮ್ಮ ಕೈಯಾಗೈತಿ.”

“ನನ್ನ ಕಡಿಂದ ಆಗೂದಿಲ್ಲ, ಸುಶೀಲಾ.”

ಅಡುಗೆಮನೆಯಿಂದ ಅವನ ಹೆಂಡತಿ ಮುಮ್ತಾಜಬೇಗಂ ಹೊರಬಂದಳು. “ಮನಿ ಮಗಳು ಬಾಯಿಬಿಟ್ಟು ಕೇಳಾಕತ್ತಾಳ. ಮಂದಿಗೆ ಹೇಳಿದ ಮಾತು ದೊಡ್ಡದಾತೇನ್ರಿ ನಿಮಗ?”

ಬಂದೇಸಾಬ ನೆಲಕ್ಕೆ ಚೆಲ್ಲಿದ್ದ ಎಲೆಗಳ ಕಡೆ ತಿರುಗಿದ. ಬಾಗಿ ಎಲೆ ಆರಿಸತೊಡಗಿದ.

ಸಭೆಗೆ ಸದಸ್ಯರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿರಲಿಲ್ಲ. ಚನ್ನೇಶ ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವನ ಕಣ್ಣು ಸುಶೀಲವ್ವನ ಮೇಲಿಂದ ಕದಲಲಿಲ್ಲ. ಅವಳು ಬಲಗೈಯನ್ನು ಎಡಗೈಯಿಂದ ಮಡಿಲಲ್ಲಿ ಅದುಮಿಕೊಂಡು ಕುಳಿತಿದ್ದಳು.

“ನಿರ್ಣಯದ ಪರವಾಗಿರುವವರು ಕೈ ಎತ್ತಿ,” ಎಂದರು ಅಧಿಕಾರಿ.

ಎದುರಿನ ಮನೆತನದ ಕೈಗಳು ಮೇಲೆದ್ದವು. ಬಂದೇಸಾಬನ ಕೈ ಮಂಡಿಯ ಮೇಲೇ ಇತ್ತು. ಅಧಿಕಾರಿ ಎಣಿಸಿದರು. ಒಂದು ಕಡಿಮೆ. ಚನ್ನೇಶ ಹಿರೇಕೆರೂರಿಗೆ ಸುದ್ದಿ ಮುಟ್ಟಿಸಲು ಜೇಬಿನಿಂದ ಫೋನ್ ತೆಗೆದ.

ಸುಶೀಲವ್ವ ಮುದುಕನನ್ನೇ ನೋಡಿದಳು. “ಚಾಚಾ...”

ಬಂದೇಸಾಬ ಕಣ್ಣು ಮುಚ್ಚಿದ. ಕೈ ಎತ್ತಿದ.

“ಕುತ್ತಿಗಿ ಕೊಯ್ದೆಲ್ಲೋ ಮುದುಕಾ!” ಕಿಟಕಿಯಾಚೆಯಿಂದ ಚನ್ನೇಶ ಅರಚಿದ. “ಕಾಲಿಗೆ ಬಿದ್ದಾಕಿ ಮನಿ ಮುರದೆಲ್ಲೋ!”

ಸಭೆ ಮುಗಿಯಿತು. ಹೊರಗೆ ಬಂದ ಬಂದೇಸಾಬನಿಗೆ ಸಿಕ್ಕವರೆಲ್ಲ ಬೈದರು. ಅವನು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ನಡೆದುಬಿಟ್ಟ. ಹಿರೇಕೆರೂರಿಗೆ ಸುದ್ದಿ ಚನ್ನೇಶನಿಗಿಂತ ಮೊದಲೇ ಮುಟ್ಟಿತ್ತು. ಆ ಕಡೆಯವರು ನಾಳೆ ಗಾಡಿ ತರುವುದಿಲ್ಲವೆಂದು ಎರಡೇ ಮಾತಾಡಿ ಫೋನ್ ಇಟ್ಟರು. ಓಣಿಯ ಹೆಂಗಸರು ಸುಶೀಲವ್ವನನ್ನು ತಬ್ಬಿಕೊಂಡು ಸಮಾಧಾನ ಹೇಳಿದರು. ಬಿಕ್ಕುತ್ತಲೇ ಅವರಿಂದ ಬಿಡಿಸಿಕೊಂಡು, ಅವಳು ಕಚೇರಿಯ ಹಿಂದೆ ಯಾರೂ ಇಲ್ಲದ ಕಡೆ ಹೋಗಿ ಮನೆಗೆ ಫೋನ್ ಹಚ್ಚಿದಳು.

“ಪೂಜಾ, ಚಾಚಾ ಕೊನೀಗೂ ನಾ ಬೇಡಿದ್ದ ನಡಸಿಕೊಟ್ರವ್ವಾ, ಕೈ ಎತ್ತಿದ್ರು. ಕುರ್ಚಿ ಹೋತು, ನೀ ಉಳಕೊಂಡಿ.”